ಚೀಲದ ಜಾಗದಲ್ಲಿ ಬೇರೇನೋ ಇದೆ

ಹತ್ತೊಂಬತ್ತು ವರ್ಷ ಕೂತಿದ್ದೆ, ನಾಲ್ಕನೇ ಗಲ್ಲಾದಲ್ಲಿ.
ಈಗ ನಿಂತಿದ್ದೇನೆ,
ಆರು ಯಂತ್ರಗಳ ನಡುವೆ, ಕೊರಳಿಗೊಂದು ಕಾರ್ಡು ತೂಗಿಸಿಕೊಂಡು,
ಪರೀಕ್ಷೆಯಲ್ಲಿ ನಕಲು ಹಿಡಿಯಲು ನಿಂತ ಮೇಡಮ್ಮಿನ ಹಾಗೆ.
ಅಮ್ಮನ್‌ಫರ್ಡಿನ ಈ ಅಂಗಡಿಯಲ್ಲಿ ಹನ್ನೊಂದು ಜನ ಇದ್ದೆವು.
ಉಳಿದದ್ದು ನಾನು, ಮತ್ತೆ ಶನಿವಾರಕ್ಕೆ ಬರುವ ಒಬ್ಬ ಹುಡುಗಿ.
ರಾತ್ರಿ ಮೊಣಕಾಲು ಕೇಳುತ್ತದೆ:
ಕುರ್ಚಿ ಏನಾಯಿತೇ, ನೆರಿಸ್?

ಬೈಯಲು ಹೊರಟರೆ ಬೈಗುಳ ಅರ್ಧಕ್ಕೇ ನಿಲ್ಲುತ್ತದೆ.
ಆ ಒಶಿಯಾನ್ ಇದ್ದಾನಲ್ಲ,
ಮಾತು ತುಟಿಯವರೆಗೆ ಬಂದು ಸಿಕ್ಕಿಕೊಳ್ಳುವ ಹುಡುಗ,
'ಚೀಲ ಬೇಕಾ' ಎಂದು ನಾನು ಕೇಳಿದ್ದಕ್ಕೆ
ಕತ್ತಿನ ನರ ಉಬ್ಬಿಸಿ
'ಬೇ, ಬೇ' ಎನ್ನುವಷ್ಟರಲ್ಲಿ
ಹಿಂದಿನ ಸಾಲು ಗಡಿಯಾರ ನೋಡುತ್ತಿತ್ತು.
ಈಗ ಬರುತ್ತಾನೆ, ಪೀಂ, ಪೀಂ,
ಬ್ರೆಡ್ಡು, ಹಾಲು, ಬೆಕ್ಕಿನ ಊಟ,
ಯಾರಿಗೂ ಏನೂ ಹೇಳಬೇಕಿಲ್ಲ.
ಸಿಳ್ಳೆ ಹಾಕುತ್ತ ಹೊರಗೆ ಹೋಗುತ್ತಾನೆ.
ಸಿಳ್ಳೆ ತೊದಲುವುದಿಲ್ಲ.

ಮಾಲ್ಡ್ವಿನ್ ಮಾತ್ರ
ದ್ರಾಕ್ಷಿಯನ್ನು ತಟ್ಟೆಯ ಮೇಲಿಟ್ಟು
ಈರುಳ್ಳಿ ಎಂದು ಒತ್ತುತ್ತಾನೆ.
ಯಂತ್ರ ನಂಬುತ್ತದೆ, ಅದಕ್ಕೆ ಮೂಗಿಲ್ಲ.
ನಾನು ಆ ಹೊತ್ತಿಗೆ ಚಿಪ್ಸಿನ ಕಡೆ ತಿರುಗಿರುತ್ತೇನೆ.
ನನ್ನ ಕೆಲಸ ಅವನ ಕೈಗೆ ಕೊಟ್ಟವರು
ಸಂಬಳದ ಮಾತೇ ಎತ್ತಲಿಲ್ಲವಲ್ಲ,
ಆ ಒಂದು ಗೊಂಚಲು ಅವನ ಕೂಲಿ.

ಐರ್ವೆನ್ ಅಜ್ಜಿಯದು ಬೇರೆ.
ಮಂಗಳವಾರ, ಹತ್ತೂವರೆ, ನೀಲಿ ಉಣ್ಣೆ ಟೊಪ್ಪಿ.
ಅಷ್ಟೂ ವರ್ಷ ನನ್ನ ಗಲ್ಲಾಕ್ಕೇ ಬಂದು
ಸೊಂಟ, ಗಾಳಿ, ಪಕ್ಕದ ಮನೆ ನಾಯಿ
ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳಿ ಹೋದವಳು.
ಆ ಇಂಗ್ಲಿಷು ಅವಳ ಭಾನುವಾರದ ಅಂಗಿ,
ಎಲ್ಲೂ ಸುಕ್ಕಿಲ್ಲ, ಕಂಕುಳಲ್ಲಿ ಬಿಗಿ
ಎಂದು ನನಗೆ ಹೊಳೆದೇ ಇರಲಿಲ್ಲ.
ಯಂತ್ರ ಬಂದ ವಾರ
ತೆರೆಯ ಮೂಲೆಯಲ್ಲಿ ಒಂದು ಗುಂಡಿ ಕಂಡಳು.
ಒತ್ತಿದಳು.
ಯಂತ್ರ ವೆಲ್ಷಿನಲ್ಲಿ ಮಾತಾಡಿತು.
ಅಜ್ಜಿ ತಲೆ ಎತ್ತಿ, ಸುತ್ತ ನೋಡಿ,
ಉತ್ತರ ಕೊಟ್ಟಳು.

ನನ್ನಮ್ಮನಿಗೂ ಬರುತ್ತಿತ್ತು ಆ ಭಾಷೆ.
ನನಗೆ ಕೊಡಲಿಲ್ಲ. ಅದು ಅನ್ನ ಹಾಕುವುದಿಲ್ಲ ಎಂದಳು.
ಈಗ ಅಂಗಡಿಯ ಡಬ್ಬಿ ದಿನಕ್ಕೆ ಹದಿನಾಲ್ಕು ತಾಸು
ಅದನ್ನೇ ಆಡುತ್ತಿದೆ,
ಅರ್ಥ ಗೊತ್ತಿಲ್ಲದೆ,
ನನಗಿಂತ ಚೆನ್ನಾಗಿ.

ಹೋದ ಮಂಗಳವಾರ ಆರನೆಯದಕ್ಕೆ ಕೆಂಪು ದೀಪ.
ತಟ್ಟೆಯ ಮೇಲೆ ಮೂರು ಲೀಕು,
ಈರುಳ್ಳಿಯ ಉದ್ದನೆಯ ದಾಯಾದಿಗಳು,
ಬಾರ್‌ಕೋಡಿಲ್ಲ, ಬೇರಿನಲ್ಲಿ ಇನ್ನೂ ಮಣ್ಣು.
ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದಳು.
ಕಾರ್ಡು ತೋರಿಸಿ, 'ಎಲ್' ಒತ್ತಿದೆ. ಇರಲಿಲ್ಲ.
'ಸಿ ಒತ್ತೇ, ಹುಡುಗಿ. ಕೆನ್ನಿನ್.'
'ಕೆನಿನ್' ಎಂದೆ.
'ನ್ನಿ. ನ್ನಿ.' ಬಾಯಿ ತೆರೆದು
ನಾಲಗೆ ಎಲ್ಲಿ ತಾಗಬೇಕೆಂದು ತೋರಿಸಿದಳು,
ಐವತ್ತೆರಡರ ನನಗೆ, ನಡುಅಂಗಡಿಯಲ್ಲಿ.
ಹಿಂದೆ ಯಾರೋ ಕೆಮ್ಮಿದರು.
ಅಷ್ಟರಲ್ಲಿ ಯಂತ್ರ ಗೊಣಗಿತು.
'ಏನಂತೆ?' ಎಂದು ಕೇಳಿದೆ.
'ಚೀಲದ ಜಾಗದಲ್ಲಿ ಬೇರೇನೋ ಇದೆಯಂತೆ.'
ನೋಡಿದರೆ ಅವಳ ಮೊಣಕೈ. ಮಾತಿನ ಭರದಲ್ಲಿ
ಊರಿಕೊಂಡಿದ್ದಳು.
ತೆಗೆಯಬೇಡಿ ಎಂದೆ.

ಶುಕ್ರವಾರ ರೊಡ್ರಿ ಸಾಹೇಬರು ಹಾಳೆ ತಂದರು.
ನೆರವಿಗೆ ಹಿಡಿಯಬೇಕಾದ ಹೊತ್ತು ಹನ್ನೊಂದು ಸೆಕೆಂಡು.
ಮಂಗಳವಾರ, ಆರನೇ ಯಂತ್ರ, ನಾಲ್ಕು ನಿಮಿಷ.
ಕಾರಣ ಎಂದಿದ್ದ ಖಾನೆಯಲ್ಲಿ
ತರಕಾರಿ ಎಂದು ಬರೆದು
ಸಹಿ ಹಾಕಿದೆ.